ಹ್ಯಾಂಗ್ ಆಗಿದ್ದೇ ನಿಮ್ಮ ಲೇಖನ

ನಮಸ್ಕಾರ. ಪೈಥಾನ್‌ನ ವಿಂಡೋ ಮಾಡೋ ಲೈಬ್ರರಿ ಟಿಕಿಂಟರ್‌ನಲ್ಲಿ ವಿಡಿಯೋ ಕನ್ವರ್ಟರ್ ಮಾಡಿ, ಹಿಂದೆ ವಿಡಿಯೋ ಬದಲಾಯಿಸೋ ಎಫ್‌ಎಫ್‌ಎಂಪೆಗ್ ಪ್ರೋಗ್ರಾಮ್ ಓಡಿಸಿ ಅದರ ಔಟ್‌ಪುಟ್ ವಿಂಡೋದಲ್ಲಿ ತೋರಿಸೋ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ನೇರವಾಗಿ ಹೇಳ್ಬಿಡ್ತೀನಿ, ಈಗಿರೋ ಹಾಗೆ ಹಾಕೋಕಾಗಲ್ಲ, ಅದರಲ್ಲಿರೋ ಕೋಡ್ ನಂಬಿದೋರು ಸಿಕ್ಕಿಹಾಕ್ಕೋತಾರೆ.

ಒಂದೂವರೆ ಪುಟದ ಪೀಠಿಕೆ ತೆಗೀರಿ. "ಶಿಶು ಪ್ರಕ್ರಿಯೆ" ಕೂಡ ಬೇಡ, ನಮ್ಮ ಆಪ್ ಶುರು ಮಾಡೋ ಇನ್ನೊಂದು ಪ್ರೋಗ್ರಾಮ್‌ಗೆ ಮಾತಾಡುವಾಗ ಚೈಲ್ಡ್ ಪ್ರೊಸೆಸ್ ಅಂತೀರಲ್ಲ, ಹಾಗೇ ಬರೀರಿ.

ಲೇಖನದ ಜೀವ ಇರೋದು ಕೊನೇ ಪುಟದ ಒಂದು ಸಾಲಲ್ಲಿ: "ಚಿಕ್ಕ ವಿಡಿಯೋಗೆ ಸರಿ ಇತ್ತು, ಅಕ್ಕನ ಮದುವೆ ವಿಡಿಯೋ ಹಾಕಿದಾಗ ಆಪ್ ಹ್ಯಾಂಗ್ ಆಯ್ತು, ಲ್ಯಾಪ್‌ಟಾಪ್ ಹಳೇದು." ಲ್ಯಾಪ್‌ಟಾಪ್ ತಪ್ಪಲ್ಲ ಇದು. ಎಫ್‌ಎಫ್‌ಎಂಪೆಗ್ ತನ್ನ ಲಾಗು, ಪ್ರೋಗ್ರೆಸ್ಸು ಎಲ್ಲಾನೂ ಸ್ಟ್ಯಾಂಡರ್ಡ್ ಎರರ್‌ಗೆ, ಅಂದ್ರೆ ಮಾಮೂಲಿ ಔಟ್‌ಪುಟ್ ಬಿಟ್ಟು ಸಂದೇಶಕ್ಕೇ ಇರೋ ಇನ್ನೊಂದು ದಾರಿಗೆ ಬರಿಯುತ್ತೆ, ನೀವು ಅದನ್ನ ಪೈಪ್‌ಗೆ (ಒಂದು ಪ್ರೋಗ್ರಾಮ್ ಬರೆದದ್ದನ್ನ ಇನ್ನೊಂದು ಓದೋ ಕೊಳವೆ) ಕೊಟ್ಟು, ಮೊದಲು ಅದು ಮುಗಿಯೋವರೆಗೆ ಕಾಯೋ ವೇಟ್ ಕರೆದು, ಓದೋದನ್ನ ಆಮೇಲೆ ಇಟ್ಕೊಂಡಿದೀರ. ಲಿನಕ್ಸ್‌ನಲ್ಲಿ ಪೈಪ್ ಸಾಮಾನ್ಯವಾಗಿ ಹಿಡಿಯೋದು 64 ಕೆಬಿ ಅಷ್ಟೇ, ಅರ್ಧ ಸೆಕೆಂಡಿಗೊಂದು ಪ್ರೋಗ್ರೆಸ್ ಸಾಲು ಬೀಳ್ತಾ ಇದ್ರೆ ಕೆಲವೇ ನಿಮಿಷದಲ್ಲಿ ತುಂಬುತ್ತೆ, ಆಮೇಲೆ ಎಫ್‌ಎಫ್‌ಎಂಪೆಗ್ ಜಾಗ ಆಗ್ಲಿ ಅಂತ ನಿಲ್ಲುತ್ತೆ, ನಿಮ್ಮ ಆಪ್ ಅದು ಮುಗೀಲಿ ಅಂತ ನಿಲ್ಲುತ್ತೆ, ಎರಡೂ ಅಲ್ಲೇ. ಲೇಖನ ಇಲ್ಲಿಂದ ಶುರುವಾಗ್ಬೇಕು.

ಪರಿಹಾರಾನೂ ಪೂರ್ತಿ ಬರೀರಿ: ಸ್ಟ್ಯಾಂಡರ್ಡ್ ಎರರ್‌ನ ಮಾಮೂಲಿ ಔಟ್‌ಪುಟ್ ಜೊತೆ ಸೇರಿಸಿ, ಬೇರೆ ಥ್ರೆಡ್ (ಅದೇ ಆಪ್‌ನಲ್ಲಿ ಜೊತೆಜೊತೆಗೆ ನಡೆಯೋ ಇನ್ನೊಂದು ಕೆಲಸದ ಎಳೆ) ಓದಿ ಕ್ಯೂಗೆ, ಅಂದ್ರೆ ಸಾಲಿಗೆ ಹಾಕ್ಲಿ, ವಿಂಡೋ ನಡೆಸೋ ಮೇನ್ ಥ್ರೆಡ್ಡು ಟಿಕಿಂಟರ್‌ನ ಆಫ್ಟರ್ ಬಳಸಿ 100 ಮಿಲಿಸೆಕೆಂಡಿಗೊಮ್ಮೆ ಕ್ಯೂ ನೋಡಿ ತೋರಿಸ್ಲಿ. ಓದೋ ಥ್ರೆಡ್ ವಿಂಡೋದಲ್ಲಿ ಬರಹ ತೋರಿಸೋ ಲೇಬಲ್‌ನ ಮುಟ್ಟಬಾರದು ಅನ್ನೋದನ್ನ ದಯವಿಟ್ಟು ಬಿಡ್ಬೇಡಿ.

ಇನ್ನೊಂದು. ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಕನ್ನಡ ಫೈಲ್ ಹೆಸರಿನ ಮಧ್ಯೆ ಪ್ರಶ್ನಾರ್ಥಕದ ಕಪ್ಪು ಡೈಮಂಡ್ ಬಂದಿದೆ, ನೀವು ಫಾಂಟ್ ಸಮಸ್ಯೆ ಅಂದಿದೀರ. ಅಲ್ಲ. ಅಕ್ಷರಗಳನ್ನ ಬೈಟಾಗಿ ಬರಿಯೋ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಕೋಡ್‌ಪಾಯಿಂಟೂ (ಅಕ್ಷರ ಇಲ್ಲಾ ಚಿಹ್ನೆಗೆ ಕೊಟ್ಟಿರೋ ಸಂಖ್ಯೆ) 3 ಬೈಟು, "ಕನ್ನಡ" ಅಂದ್ರೆ ಕ, ನ, ಹಲಂತ, ನ, ಡ ಸೇರಿ 15 ಬೈಟು. ನೀವು 1024 ಬೈಟಿಗೊಂದು ತುಂಡು ಓದಿ ಅಲ್ಲಲ್ಲೇ ಡಿಕೋಡ್ ಮಾಡೋವಾಗ, ಅಂದ್ರೆ ಬೈಟನ್ನ ಮತ್ತೆ ಅಕ್ಷರ ಮಾಡೋವಾಗ, ತುಂಡಿನ ಅಂಚಲ್ಲಿ ಅಕ್ಷರ ಸೀಳಿ ಹೋಗುತ್ತೆ. ಟೆಕ್ಸ್ಟ್ ಮೋಡ್‌ನಲ್ಲಿ ಎನ್‌ಕೋಡಿಂಗ್ ಕೊಟ್ಟು ತೆರೆದ್ರೆ ಪೈಥಾನೇ ಉಳಿದ ಬೈಟ್ ಹಿಡಿದಿಟ್ಕೊಂಡು ಮುಂದಿನದಕ್ಕೆ ಜೋಡಿಸುತ್ತೆ. ಬರೀ ಇಂಗ್ಲಿಷ್ ಹೆಸರಿನ ಫೈಲ್ ಹಾಕಿ ನೋಡೋರಿಗೆ ಈ ತಪ್ಪು ಕಣ್ಣಿಗೇ ಬೀಳಲ್ಲ, ನಿಮಗೆ ಬಿತ್ತು, ಅದಕ್ಕೇ ನಿಮ್ಮಿಂದಾನೇ ಬರೆಸ್ಬೇಕು ಅಂತಿರೋದು.

ಅದೇ ಮದುವೆ ವಿಡಿಯೋ, ಅದೇ ಕನ್ನಡ ಹೆಸರಲ್ಲೇ ಮತ್ತೆ ಓಡಿಸಿ. ಕೊನೇವರೆಗೂ ಹೋದ್ರೆ ಕೋಡ್ ಸಮೇತ ಕಳ್ಸಿ, ನಾನೂ ಇಲ್ಲಿ ಓಡಿಸಿ ನೋಡ್ತೀನಿ.