ಸಣ್ಣ ಪಿನ್ನಿನ ಹೆಡ್‌ಫೋನ್, ದೊಡ್ಡ ತೂತಿನ ಮಿಕ್ಸರ್: ಯಾವ ಕನ್ವರ್ಟರ್ ತಗೋಬೇಕು?

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ನೀವು ಕೇಳಿದ ಆ 600 ರೂಪಾಯಿಯ ಚಿನ್ನದ ಬಣ್ಣದ ಕನ್ವರ್ಟರೂ ಬೇಡ, 40 ರೂಪಾಯಿಯದ್ದೂ ಬೇಡ. ಒಂದು ಗೇಣು ವೈರ್ ಇರುವ ಕನ್ವರ್ಟರ್ ತಗೊಳ್ಳಿ. ಒಂದು ತುದಿಗೆ ದೊಡ್ಡ ಸ್ಟೀರಿಯೋ (ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ಲೈನ್ ಇರುವ) ಪಿನ್, ಇನ್ನೊಂದು ತುದಿಗೆ ಸಣ್ಣ ಸ್ಟೀರಿಯೋ ಸಾಕೆಟ್ ಇರಬೇಕು. ರೆಡಿಮೇಡ್ ಸಿಗದಿದ್ದರೆ ರಿಪೇರಿ ಅಂಗಡಿಯಲ್ಲಿ ಕೂತು ಮಾಡಿಸಿಕೊಳ್ಳಿ, ಅದೇ ಇನ್ನೂ ಒಳ್ಳೆಯದು. ಯಾಕೆ ಅಂತ ಕೇಳಿದರೆ ಸ್ವಲ್ಪ ಉದ್ದ ಕಥೆ.

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಸೇಡಂನಲ್ಲಿ ನಿಮ್ಮ ಭಜನೆ ಮಂಡಳಿಗೆ ಸಣ್ಣ ಮಿಕ್ಸರ್ (ಹಲವು ಮೈಕ್‌ಗಳ ಸದ್ದು ಕೂಡಿಸುವ ಪೆಟ್ಟಿಗೆ) ತಗೊಂಡಿದ್ದೀರಿ. ಅದರ ಹೆಡ್‌ಫೋನ್ ತೂತು ದೊಡ್ಡದು, ನಿಮ್ಮ ಹೆಡ್‌ಫೋನ್ ಪಿನ್ ಮೊಬೈಲಿನದು. ಎರಡು ಕನ್ವರ್ಟರ್ ತಂದಿರಿ. ಒಂದರಲ್ಲಿ ಎಡಗಿವಿಗೆ ಮಾತ್ರ ಸದ್ದು, ಇನ್ನೊಂದರಲ್ಲಿ ಎರಡೂ ಕಿವಿಗೆ ಬರುತ್ತದೆ ಆದರೆ ಮುಟ್ಟಿದರೆ ಕರಕರ. ಈಗ ಮೂರನೆಯದಕ್ಕೆ ದುಡ್ಡು ಹಾಕುವ ಮುಂಚೆ, 600 ರೂಪಾಯಿಯದ್ದೋ 40 ರೂಪಾಯಿಯದ್ದೋ ಅಂತ ಕೇಳುತ್ತಿದ್ದೀರಿ. ಒಳ್ಳೆಯದು ಮಾಡಿದಿರಿ. ನಾನು ಕೇಳದೆ ನಾಲ್ಕು ತಗೊಂಡವನು.

ನಾನು ಸೌಂಡ್ ಇಂಜಿನಿಯರ್ ಅಲ್ಲ. ಇರೋದು ಕಲಬುರಗಿಯಲ್ಲಿ, ಹಗಲು ಲೆಕ್ಕ ಬರೆಯುವ ಕೆಲಸ, ರಜೆ ಸಿಕ್ಕರೆ ಹಳ್ಳಿಗಳಿಗೆ ಹೋಗಿ ತತ್ವಪದ ಹಾಡುವವರನ್ನು ರೆಕಾರ್ಡ್ ಮಾಡುವ ಹುಚ್ಚು. ನಮ್ಮ ಕಡೆ ಕಡಕೋಳ ಮಡಿವಾಳಪ್ಪನವರ ಪದ ಹಾಡುವವರು ಇನ್ನೂ ಇದ್ದಾರಲ್ಲ, ಅವರು ರಾತ್ರಿ ಹತ್ತಕ್ಕೆ ಶುರು ಮಾಡಿದರೆ ಬೆಳಗಿನ ತನಕ ಬಿಡುವುದಿಲ್ಲ. ಅಷ್ಟು ಹೊತ್ತೂ ಹೆಡ್‌ಫೋನ್ ಕಿವಿಯ ಮೇಲೇ ಇರಬೇಕು. ಹಾಗಾಗಿ ಈ ಸಣ್ಣ ಸಾಮಾನಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಪೆಟ್ಟು ತಿಂದು ಕಲಿತದ್ದು.

ಅಂಗಡಿಯಲ್ಲಿ ಏನಂತ ಕೇಳಬೇಕು ಅನ್ನುವುದರಿಂದಲೇ ಶುರು ಮಾಡೋಣ, ಅರ್ಧ ತಪ್ಪು ಅಲ್ಲೇ ಆಗುತ್ತದೆ. ಮೊಬೈಲಿನ ಸಣ್ಣ ಪಿನ್ 3.5 ಎಂಎಂ, ಅಂಗಡಿಯವರು ಅದಕ್ಕೆ ಇಪಿ ಪಿನ್ ಅನ್ನುತ್ತಾರೆ. ದೊಡ್ಡದು 6.35 ಎಂಎಂ, ಅಂದರೆ ಕಾಲು ಇಂಚು, ಅಂಗಡಿ ಭಾಷೆಯಲ್ಲಿ ಪಿ-38. ಈ ದೊಡ್ಡ ಪಿನ್ ಬಹಳ ಹಳೆಯದು, 19ನೇ ಶತಮಾನದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು ಒಂದು ಲೈನ್ ಕಿತ್ತು ಇನ್ನೊಂದಕ್ಕೆ ಹಾಕುತ್ತಿದ್ದರಲ್ಲ, ಆ ಕಾಲದ್ದು. ದಿನಕ್ಕೆ ನೂರಾರು ಸಲ ಹಾಕಿ ತೆಗೆದರೂ ತಡೆಯುವಷ್ಟು ದಪ್ಪ. ಸಣ್ಣದು ಮನೆ ಮನೆಗೆ ಬಂದಿದ್ದು ಜೇಬಿನ ರೇಡಿಯೋದಿಂದ, ಆಮೇಲೆ 1979ರ ವಾಕ್‌ಮನ್‌ನಿಂದ. ಮಿಕ್ಸರ್, ಗಿಟಾರ್ ಆಂಪ್ಲಿಫೈಯರ್, ಬಹಳಷ್ಟು ಕೀಬೋರ್ಡ್ ಎಲ್ಲ ಇನ್ನೂ ದೊಡ್ಡದನ್ನೇ ಬಿಟ್ಟಿಲ್ಲ, ಅದಕ್ಕೇ ಈ ಕನ್ವರ್ಟರ್ ಗೋಳು.

ಈಗ ನಿಮ್ಮ ಮೊದಲನೇ ಕನ್ವರ್ಟರ್ ಕೈಗೆ ತಗೊಳ್ಳಿ. ದೊಡ್ಡ ಪಿನ್ನಿನ ಮೇಲೆ ಕರಿ ಗೆರೆ ಎಷ್ಟಿವೆ ಎಣಿಸಿ. ಒಂದೇ ಗೆರೆ ಇರುತ್ತದೆ ಅಂತ ನಾನು ಇಲ್ಲಿಂದಲೇ ಬಾಜಿ ಕಟ್ಟುತ್ತೇನೆ. ಒಂದು ಗೆರೆ ಅಂದರೆ ಮೊನೋ (ಸದ್ದಿಗೆ ಒಂದೇ ಲೈನ್), ಎರಡು ಗೆರೆ ಅಂದರೆ ಸ್ಟೀರಿಯೋ, ಮೂರು ಗೆರೆ ಅಂದರೆ ಸ್ಟೀರಿಯೋ ಜೊತೆಗೆ ಮೈಕ್. ಪೆಂಡಾಲಿಗೆ ಸೌಂಡ್ ಹಾಕುವವರು ದಿನಾ ಬಂದು ಕೇಳುವುದು ಮೈಕ್ ಪಿನ್ನು, ಅದು ಮೊನೋ. ಹಾಗಾಗಿ ಡಬ್ಬದಲ್ಲಿ ಮೇಲೆ ಇರುವುದೂ ಅದೇ. "ಪಿ-38 ಕನ್ವರ್ಟರ್ ಕೊಡ್ರಿ" ಅಂದರೆ ಅದನ್ನೇ ಕೊಡುತ್ತಾರೆ. ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಒಂದು ಅಂಗಡಿಯಲ್ಲಿ ಗೆರೆ ಬೇರೆ ಇದೆಯಲ್ಲ ಅಂತ ಕೇಳಿದ್ದಕ್ಕೆ "ಎಲ್ಲಾ ಒಂದೇ ಅದ ರೀ ಅಣ್ಣಾ, ಸುಮ್ನೆ ಒಯ್ರಿ" ಅಂದರು. ಒಯ್ದೆ.

ಒಂದೇ ಅಲ್ಲ. ಸ್ಟೀರಿಯೋ ಸಾಕೆಟ್ಟಿನೊಳಗೆ ಮೂರು ಕಡೆ ತಾಗುವ ತಗಡು ಇರುತ್ತವೆ. ತುದಿಗೆ ಎಡಗಿವಿ, ನಡುವಿನ ಉಂಗುರಕ್ಕೆ ಬಲಗಿವಿ, ಬುಡಕ್ಕೆ ಅರ್ತ್. ಮೊನೋ ಪಿನ್ನಿಗೆ ನಡುವಿನ ಉಂಗುರವೇ ಇಲ್ಲ, ಬುಡ ಅಲ್ಲಿಯವರೆಗೂ ಚಾಚಿಕೊಂಡಿರುತ್ತದೆ. ಅದನ್ನು ಒಳಗೆ ಹಾಕಿದ ಕೂಡಲೇ ಬಲಗಿವಿಯ ಲೈನ್ ಹೋಗಿ ಅರ್ತ್‌ಗೆ ಕೂಡುತ್ತದೆ. ನಿಮಗೆ ಒಂದು ಕಿವಿ ಹೋಯ್ತು, ಅದು ಬಿಡಿ, ಮಿಕ್ಸರಿನೊಳಗೆ ಆ ಬಲಗಡೆಯ ಸಣ್ಣ ಆಂಪ್ಲಿಫೈಯರ್ ಅಷ್ಟು ಹೊತ್ತೂ ಶಾರ್ಟ್ ಆಗಿ ಕೆಲಸ ಮಾಡುತ್ತಿರುತ್ತದೆ. ಕೆಲವು ಮಿಕ್ಸರ್‌ಗಳಲ್ಲಿ ರೆಸಿಸ್ಟರ್ ಹಾಕಿ ಕಾಪಾಡಿರುತ್ತಾರೆ, ಕೆಲವದರಲ್ಲಿ ಬಿಸಿ ಆಗುತ್ತದೆ. ಆ ಕನ್ವರ್ಟರ್ ಇವತ್ತೇ ತೆಗೆದು ಪಕ್ಕಕ್ಕೆ ಇಡಿ, ಸುಮ್ನೆ ಪರೀಕ್ಷೆಗೆ ಅಂತ ಕೂಡ ಮತ್ತೆ ಹಾಕಬೇಡಿ.

ಈ ಮೊನೋ ಪಿನ್ನಿಂದ ನಾನು ಒಂದು ಹೆಡ್‌ಫೋನ್ ಕಳಕೊಂಡೆ. ಸುಟ್ಟು ಹೋಗಲಿಲ್ಲ. ಒಂದು ಕಿವಿ ಸತ್ತಿದೆ ಅಂದುಕೊಂಡು ತಂಗಿ ಮಗನಿಗೆ ಕೊಟ್ಟುಬಿಟ್ಟೆ. ಅವನು ಅದನ್ನು ಮೊಬೈಲಿಗೆ ಹಾಕಿ "ಮಾಮಾ, ಎರಡೂ ಕಿವ್ಯಾಗ ಚಂದ ಬರ್ಲಾಕತ್ತದ" ಅಂದ. ವಾಪಸ್ ಕೇಳಲು ನಾಚಿಕೆ ಆಯಿತು, ಅಷ್ಟರಲ್ಲಿ ಹೊಸದನ್ನೂ ತಂದಾಗಿತ್ತು. ನೀವು ಹಾಗೆ ಮಾಡಬೇಡಿ, ಮೊದಲು ಹೆಡ್‌ಫೋನನ್ನು ನೇರವಾಗಿ ಮೊಬೈಲಿಗೋ ಲ್ಯಾಪ್‌ಟಾಪಿಗೋ ಹಾಕಿ ನೋಡಿ. ಅಲ್ಲಿ ಎರಡೂ ಕಿವಿ ಸರಿ ಇದ್ದರೆ ಹೆಡ್‌ಫೋನ್ ತಪ್ಪಿಲ್ಲ.

ಎರಡನೇ ಕನ್ವರ್ಟರಿನ ಕರಕರ ಬೇರೆ ಕಾಯಿಲೆ. ಒಂದೇ ತುಂಡಿನ ಗಟ್ಟಿ ಕನ್ವರ್ಟರ್ ಹಾಕಿ, ಅದರ ಹಿಂದೆ ಹೆಡ್‌ಫೋನ್ ಪಿನ್ ಸೇರಿಸಿದರೆ ಮಿಕ್ಸರಿನಿಂದ ನಾಲ್ಕು ಬೆರಳು ಹೊರಗೆ ಚಾಚಿಕೊಂಡಿರುತ್ತದೆ, ಅಲ್ವಾ? ಅದು ಹಾರೆ ಇದ್ದಂತೆ. ವೈರ್ ಸ್ವಲ್ಪ ಜಗ್ಗಿದರೂ ಆ ಜೋರು ಪೂರ್ತಿ ಸಾಕೆಟ್ಟಿನ ಬುಡಕ್ಕೆ ಬೀಳುತ್ತದೆ. ಅಗ್ಗದ ಮಿಕ್ಸರ್‌ಗಳಲ್ಲಿ ಸಾಕೆಟ್ ನಿಂತಿರುವುದೇ ಬೋರ್ಡಿನ ಮೇಲಿನ ನಾಲ್ಕಾರು ಬೆಸುಗೆ ಚುಕ್ಕೆಗಳ ಮೇಲೆ. ಮೊದಲು ಬೆಸುಗೆಯಲ್ಲಿ ಕೂದಲೆಳೆ ಬಿರುಕು, ಆಮೇಲೆ ಕರಕರ, ಆಮೇಲೆ ಒಂದು ಕಿವಿ. ಹಾಗಾಗಿ ಕರಕರ ಕನ್ವರ್ಟರಿನದ್ದೋ ಸಾಕೆಟ್ಟಿನದ್ದೋ ಅನ್ನುವುದನ್ನೂ ನೋಡಬೇಕು. ಕನ್ವರ್ಟರನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ಸಣ್ಣ ಪಿನ್ ಮಾತ್ರ ತಿರುಗಿಸಿ. ಕರಕರ ಬಂದರೆ ಕನ್ವರ್ಟರ್. ಈಗ ಸಣ್ಣ ಪಿನ್ನನ್ನೂ ಕನ್ವರ್ಟರನ್ನೂ ಸೇರಿಸಿ ಗಟ್ಟಿ ಹಿಡಿದು ದೊಡ್ಡ ಪಿನ್ ತಿರುಗಿಸಿ. ಆಗ ಬಂದರೆ ಮಿಕ್ಸರಿನ ಸಾಕೆಟ್, ಅದಕ್ಕೆ ಎಷ್ಟು ಕನ್ವರ್ಟರ್ ಬದಲಿಸಿದರೂ ಉಪಯೋಗ ಇಲ್ಲ.

ನನ್ನದು ಹೀಗೇ ಹೋಯಿತು. ಜೇವರ್ಗಿ ಕಡೆಯ ಒಂದು ಹಳ್ಳಿ, ಗುಡಿ ಕಟ್ಟೆ ಮೇಲೆ ಭಜನೆ, ದಪ್ಪು ತಾಳ ಏರಿದ ಹೊತ್ತು. ಚಹಾ ಹಂಚುತ್ತಿದ್ದ ಹುಡುಗನ ಕಾಲಿಗೆ ವೈರ್ ಸಿಕ್ಕಿತು. ವೈರ್ ಕಿತ್ತು ಬಂದಿದ್ದರೆ ಚೆನ್ನಾಗಿತ್ತು, ಅದು ಬರಲಿಲ್ಲ, ಗಟ್ಟಿ ಕನ್ವರ್ಟರ್ ಸಾಕೆಟ್ಟನ್ನೇ ಒಳಗೆ ಮುರಿದು ಹಾಕಿತು. ಆಮೇಲಿನ ನಾಲ್ಕು ಗಂಟೆ ಏನು ರೆಕಾರ್ಡ್ ಆಗುತ್ತಿದೆ ಅಂತ ಮೀಟರಿನ ದೀಪ ನೋಡಿ ಊಹಿಸಿಕೊಂಡು ಕೂತೆ. 40 ರೂಪಾಯಿ ಉಳಿಸಿದ್ದಕ್ಕೆ ರಿಪೇರಿಗೆ ಅದರ ಹತ್ತರಷ್ಟು ಹೋಯಿತು. ಆ ಹುಡುಗ ಪಾಪ ಎರಡು ಸಲ ಚಹಾ ತಂದುಕೊಟ್ಟ.

ಅವತ್ತಿಂದ ನಾನು ಗೇಣು ವೈರಿನ ಪಕ್ಷ. ದೊಡ್ಡ ಪಿನ್ ಮಾತ್ರ ಮಿಕ್ಸರಿನಲ್ಲಿ, ಅದರಿಂದ ಮೆತ್ತನೆ ವೈರ್, ವೈರಿನ ತುದಿಗೆ ಸಣ್ಣ ಸಾಕೆಟ್. ಜಗ್ಗಿದರೆ ವೈರ್ ಬಾಗುತ್ತದೆ, ಇನ್ನೂ ಜೋರಾಗಿ ಜಗ್ಗಿದರೆ ಸಣ್ಣ ಪಿನ್ ಕಳಚಿಕೊಳ್ಳುತ್ತದೆ, ಮಿಕ್ಸರಿಗೆ ಏನೂ ಆಗುವುದಿಲ್ಲ. ರೆಡಿಮೇಡ್ ಇಂಥವು ಆನ್‌ಲೈನ್‌ನಲ್ಲಿ ಇವೆ, ಆದರೆ ಫೋಟೋ ಹಿಗ್ಗಿಸಿ ನೋಡಿ: ದೊಡ್ಡದು ಗಂಡು (ಪಿನ್), ಸಣ್ಣದು ಹೆಣ್ಣು (ಸಾಕೆಟ್) ಇರಬೇಕು. ಉಲ್ಟಾ ಇರುವುದೂ ಹಾಗೇ ಕಾಣುತ್ತದೆ, ಅದು ಬಂದರೆ ವಾಪಸ್ ಕಳಿಸುವ ತಲೆನೋವು.

ಮಾಡಿಸುವುದಾದರೆ ಆಂಪ್ಲಿಫೈಯರ್ ರಿಪೇರಿ ಮಾಡುವವರ ಹತ್ತಿರ ಹೋಗಿ ಹೀಗೆ ಹೇಳಿ: ಪಿ-38 ಸ್ಟೀರಿಯೋ ಪಿನ್ ಒಂದು, ಇಪಿ ಸ್ಟೀರಿಯೋ ಫೀಮೇಲ್ ವೈರಿಗೆ ಹಾಕುವಂಥದ್ದು ಒಂದು, ನಡುವೆ ಎರಡು ಎಳೆಯ ಶೀಲ್ಡ್ ವೈರ್ ಒಂದು ಗೇಣು. ದುಡ್ಡು ಹಾಕುವುದಿದ್ದರೆ ದೊಡ್ಡ ಪಿನ್ನಿಗೆ ಹಾಕಿ. ನ್ಯೂಟ್ರಿಕ್ ಕಂಪನಿಯ ಎನ್‌ಪಿ3ಎಕ್ಸ್ ಅನ್ನುವ ಪಿನ್ ಇದೆ, ಅದರ ಹಿಂಭಾಗ ತಿರುಗಿಸಿ ಬಿಗಿ ಮಾಡಿದರೆ ವೈರನ್ನು ಕಚ್ಚಿ ಹಿಡಿಯುತ್ತದೆ, ಬೆಸುಗೆ ಮೇಲೆ ಭಾರ ಬೀಳುವುದಿಲ್ಲ. ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ತರಿಸಬೇಕಾಗುತ್ತದೆ. ಸಿಗದಿದ್ದರೆ ಲೋಹದ ಮೈ ಇರುವ ಯಾವುದಾದರೂ ಸ್ಟೀರಿಯೋ ಪಿನ್ ಸಾಕು, ಪ್ಲಾಸ್ಟಿಕ್ ಮೈಯದ್ದು ಬೇಡ, ಅದರ ತಿರುಪು ಬೇಗ ಸಡಿಲ ಆಗುತ್ತದೆ.

ಎದ್ದು ಬರುವ ಮುಂಚೆ ಮಲ್ಟಿಮೀಟರ್ (ಲೈನ್ ಕೂಡಿದ್ದರೆ ಬೀಪ್ ಅನ್ನುವ ಮೀಟರ್) ಹಿಡಿಯಲು ಹೇಳಿ. ನಿಮ್ಮ ಹೆಡ್‌ಫೋನ್ ಪಿನ್ನನ್ನು ಸಾಕೆಟ್ಟಿಗೆ ಹಾಕಿ ಮೀಟರ್ ಹಿಡಿಯಬೇಡಿ, ಹೆಡ್‌ಫೋನಿನ ಮೂಲಕವೇ ಕರೆಂಟ್ ಹರಿದು ಎಲ್ಲಾ ಕೂಡಿದಂತೆ ತೋರಿಸುತ್ತದೆ. ಎರಡೂ ಕಡೆ ಸಣ್ಣ ಪಿನ್ ಇರುವ ಮಾಮೂಲಿ ಆಕ್ಸ್ ವೈರ್ ಒಂದನ್ನು ಹಾಕಿಸಿ. ತುದಿಗೆ ತುದಿ, ಉಂಗುರಕ್ಕೆ ಉಂಗುರ, ಬುಡಕ್ಕೆ ಬುಡ ಬೀಪ್ ಅನ್ನಬೇಕು, ಅಡ್ಡಡ್ಡ ಹಿಡಿದರೆ ಸುಮ್ಮನಿರಬೇಕು. ಬೀಪ್ ಅನ್ನುತ್ತಿರುವಾಗಲೇ ಪಿನ್ ತಿರುಗಿಸಿ, ಅಲುಗಿಸಿ. ಬೀಪ್ ಒಂದು ಸಲ ತುಂಡಾದರೂ ಅದು ಬೇಡ. ರೆಡಿಮೇಡ್ ತಗೊಂಡರೂ ಇದೇ ಪರೀಕ್ಷೆ. ಬ್ರ್ಯಾಂಡಿಗಿಂತ ಇದನ್ನೇ ನಾನು ಜಾಸ್ತಿ ನಂಬುತ್ತೇನೆ.

ಚಿನ್ನದ ಲೇಪನದ ಬಗ್ಗೆ ಕೇಳಿದಿರಿ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ಅದು ನಿಜ. ಆದರೆ ಲೇಪನ ಬಹಳ ತೆಳು, ಹಾಕಿ ತೆಗೆದು ಮಾಡಿದರೆ ಉಜ್ಜಿ ಹೋಗುತ್ತದೆ. ಬೆಳ್ಳಿ ಬಣ್ಣದ ನಿಕಲ್ ಅದಕ್ಕಿಂತ ಗಟ್ಟಿ. ಚಿನ್ನದಿಂದ ಸದ್ದು ಸಿಹಿ ಆಗುತ್ತದೆ ಅನ್ನುವುದು ಮಾರುವವರ ಮಾತು, ಪಿನ್ ಸ್ವಚ್ಛ ಇದ್ದರೆ ನಿಮ್ಮ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಮ್ಮ ಕಡೆ ಅದಕ್ಕಿಂತ ದೊಡ್ಡ ವೈರಿ ಧೂಳು. ನಿಮ್ಮ ಸೇಡಂ, ವಾಡಿ ಕಡೆ ಸಿಮೆಂಟ್ ಧೂಳು, ಶಹಾಬಾದ್ ಕಡೆ ಪರಸಿ ಕಲ್ಲಿನ ಧೂಳು, ಬೇಸಿಗೆಯ ಬೆವರು ಬೇರೆ. ಮೊಬೈಲ್ ರಿಪೇರಿಯವರು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅಂತ ಬಳಸುತ್ತಾರಲ್ಲ, ಅದರಲ್ಲಿ ಹತ್ತಿ ಅದ್ದಿ ತಿಂಗಳಿಗೊಮ್ಮೆ ಪಿನ್ ಒರೆಸಿ, ಒಣಗಿದ ಮೇಲೆ ಹಾಕಿ. ಕೊಬ್ಬರಿ ಎಣ್ಣೆ ಹಚ್ಚುವವರನ್ನು ನೋಡಿದ್ದೇನೆ, ಅದು ಧೂಳನ್ನು ಕರೆದು ಕೂಡಿಸುತ್ತದೆ.

ಇನ್ನೊಂದು ಮಾತು, ಇದು ನನ್ನ ತಲೆ ಬಹಳ ತಿಂದಿದ್ದು. ನಿಮ್ಮ ಹೆಡ್‌ಫೋನಿಗೆ ಮೈಕ್ ಇದ್ದರೆ, ಅಂದರೆ ಸಣ್ಣ ಪಿನ್ನಿಗೆ ಮೂರು ಗೆರೆ ಇದ್ದರೆ, ಕೆಲವು ಕನ್ವರ್ಟರ್‌ಗಳಲ್ಲಿ ಅರ್ತ್ ಸರಿಯಾದ ಜಾಗಕ್ಕೆ ತಾಗುವುದಿಲ್ಲ. ಆಗ ವಿಚಿತ್ರ ಆಗುತ್ತದೆ. ತಾಳ, ಹಾರ್ಮೋನಿಯಂ ದೂರದಲ್ಲಿ ಕೇಳಿಸುತ್ತವೆ, ಹಾಡುವವರು ಮಾತ್ರ ಮಾಯ. ಎರಡೂ ಕಿವಿಗೆ ಸಮ ಸಮ ಬರುವ ಸದ್ದು ಒಂದನ್ನೊಂದು ಹೊಡೆದುಹಾಕಿ, ಎಡ ಬಲದ ವ್ಯತ್ಯಾಸ ಅಷ್ಟೇ ಉಳಿಯುತ್ತದೆ. ಹಾಡುವವರ ದನಿ ನಡುವೆ ಇರುತ್ತದಲ್ಲ, ಅದೇ ಹೋಗುವುದು. ಒಮ್ಮೆ ನಾನು ಹಾಡುತ್ತಿದ್ದ ಅಜ್ಜನ ಮೈಕ್ ಕೆಟ್ಟಿದೆ ಅಂತ ಮೂರು ಮೈಕ್ ಬದಲಿಸಿದ್ದೆ. ಹೆಡ್‌ಫೋನಿನ ಮೈಕ್ ಗುಂಡಿ ಒತ್ತಿ ಹಿಡಿದಾಗ ದನಿ ವಾಪಸ್ ಬಂದರೆ, ಅಥವಾ ಸಣ್ಣ ಪಿನ್ನನ್ನು ಕೂದಲೆಳೆಯಷ್ಟು ಹೊರಗೆ ಎಳೆದಾಗ ಸರಿಯಾದರೆ, ರೋಗ ಇದೇ. ಮೈಕ್ ಇಲ್ಲದ ಹೆಡ್‌ಫೋನ್ ಹಾಕಿದರೆ ಮುಗಿಯಿತು.

ಮಿಕ್ಸರಿನಲ್ಲಿ ಹೆಡ್‌ಫೋನನ್ನು ಫೋನ್ಸ್ ಅಂತ ಬರೆದ ತೂತಿಗೇ ಹಾಕಿದ್ದೀರಾ, ಸ್ಪೀಕರ್ ಕಡೆ ಹೋಗುವ ಮೇನ್ ಔಟ್‌ಗಲ್ಲ ತಾನೇ? ಎರಡೂ ಒಂದೇ ಅಳತೆ, ಕತ್ತಲಲ್ಲಿ ತಪ್ಪುವುದು ಸಹಜ. ಸದ್ದು ಸಣ್ಣದು ಅನ್ನಿಸಿದರೆ ಅದಕ್ಕೂ ಕನ್ವರ್ಟರಿಗೂ ಸಂಬಂಧ ಇಲ್ಲ, ಹೆಡ್‌ಫೋನಿನ ತಡೆ (ರೆಸಿಸ್ಟೆನ್ಸ್) 250 ಓಮ್‌ನಷ್ಟು ಜಾಸ್ತಿ ಇದ್ದರೆ ಸಣ್ಣ ಮಿಕ್ಸರ್ ಅದನ್ನು ಜೋರಾಗಿ ನುಡಿಸಲಾರದು ಅಷ್ಟೇ.

ಇವತ್ತು ರಾತ್ರಿ ಆ ಎರಡನೇ ಕನ್ವರ್ಟರನ್ನು ಹಿಡಿದು ತಿರುಗಿಸುವ ಪರೀಕ್ಷೆ ಮಾಡಿ, ಕರಕರ ಯಾವ ಕಡೆಯಿಂದ ಬಂತು ಅಂತ ಬರೆಯಿರಿ. ಸಾಕೆಟ್ಟಿನಿಂದ ಬಂದರೆ ಮಿಕ್ಸರ್ ಇನ್ನೂ ವಾರಂಟಿಯಲ್ಲಿದೆಯಾ ನೋಡಿ, ಇದ್ದರೆ ಯಾರ ಕೈಗೂ ಬಿಚ್ಚಲು ಕೊಡಬೇಡಿ.