ಸೌರ ವಿದ್ಯುತ್ ಬಂದರೆ ಡೀಸೆಲ್ ಉಳಿಯುತ್ತದೆಯೇ?

ಓದುಗರ ಪತ್ರ: ಲಕ್ಷ್ಮೇಶ್ವರದ ಕಡೆಯ ರೈತರೊಬ್ಬರು ಬರೆದಿದ್ದಾರೆ: ‘ದೇಶಕ್ಕೆ ಬೇಕಾದ ತೈಲವೆಲ್ಲ ಹೊರಗಿನಿಂದ ಬರುತ್ತದೆ. ನಮ್ಮ ಗದಗ ಜಿಲ್ಲೆಯಲ್ಲಿ ಬಿಸಿಲಿಗೆ ಬರವಿಲ್ಲ. ಊರೂರಿಗೆ ಸೋಲಾರ್ ಹಾಕಿ ತೈಲದ ಆಮದು ನಿಲ್ಲಿಸಬಾರದೇಕೆ? ಫಲಕಗಳೂ ಚೀನಾದಿಂದಲೇ ಬರುವುದಾದರೆ ಲಾಭವೇನು? ನಮ್ಮ ಎರೆ ಹೊಲವನ್ನು ಸೌರ ಕಂಪನಿಯೊಂದು ಲಾವಣಿಗೆ (ಗುತ್ತಿಗೆಗೆ) ಕೇಳುತ್ತಿದೆ. ಕೊಡಬಹುದೇ?’

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಮೊದಲ ಪ್ರಶ್ನೆಯಲ್ಲಿ ಒಂದು ತೊಡಕಿದೆ. ಭಾರತ ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ, ನಿಜ. ಆದರೆ ತೈಲ ಸುಟ್ಟು ನಾವು ವಿದ್ಯುತ್ ತಯಾರಿಸುವುದು ತೀರಾ ಕಡಿಮೆ. ನಮ್ಮ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದು, ಆ ಕಲ್ಲಿದ್ದಲಿನಲ್ಲಿ ಹೆಚ್ಚಿನದು ನಮ್ಮದೇ ಗಣಿಗಳದು. ಹೀಗಾಗಿ ಸೋಲಾರ್ ಹಾಕಿದೊಡನೆ ಉಳಿಯುವುದು ರಾಯಚೂರಿನ ಸ್ಥಾವರದಂಥಲ್ಲಿ ಸುಡುವ ಕಲ್ಲಿದ್ದಲು. ಹುಬ್ಬಳ್ಳಿ–ಧಾರವಾಡದ ನಡುವೆ 2018ರಲ್ಲಿ ಓಡಾಟ ಆರಂಭಿಸಿದ ಚಿಗರಿ ಬಸ್ಸುಗಳನ್ನೇ ನೋಡಿ. ಅವು ಡೀಸೆಲ್ ಬಸ್ಸುಗಳು. ನಿಲ್ದಾಣಗಳ ಮೇಲೆಲ್ಲ ಫಲಕ ಹೊದಿಸಿದರೂ ಆ ಬಸ್ಸಿನ ಟ್ಯಾಂಕಿಗೆ ಡೀಸೆಲ್ ಬೇಕೇ ಬೇಕು. ಬಸ್ಸು, ಜನರೇಟರ್, ನೀರೆತ್ತುವ ಎಂಜಿನ್, ಅಡುಗೆ ಒಲೆ ವಿದ್ಯುತ್ತಿಗೆ ತಿರುಗಿದಷ್ಟು ಮಾತ್ರ ತೈಲದ ಆಮದು ಇಳಿಯುತ್ತದೆ. ಸರ್ಕಾರಗಳು ಮೆಗಾವಾಟ್ ಲೆಕ್ಕ ಹೇಳಿ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಎಷ್ಟು ಎಂಜಿನ್‌ಗಳು ಬದಲಾದವು ಎಂಬ ಲೆಕ್ಕವನ್ನೂ ಜನರ ಮುಂದಿಡಬೇಕು.

ಚೀನಾದ ಮಾತಿಗೆ ಬರೋಣ. ಫಲಕ ಜೋಡಿಸುವ ಕಾರ್ಖಾನೆಗಳು ನಮ್ಮಲ್ಲಿ ಬೆಳೆದಿವೆ. ಒಳಗಿನ ಸಿಲಿಕಾನ್ ಬಿಲ್ಲೆಗಳಿಗೆ ಇನ್ನೂ ಹೊರಗಿನವರನ್ನು ನೆಚ್ಚಿದ್ದೇವೆ, ಇದು ಕಳವಳದ ಸಂಗತಿಯೇ. ಆದರೂ ತೈಲದ ಆಮದು, ಫಲಕದ ಆಮದು ಎರಡೂ ಒಂದೇ ಅಲ್ಲ. 1990ರಲ್ಲಿ ಇರಾಕ್ ಕುವೈತಿನ ಮೇಲೆ ಏರಿಹೋದಾಗ ತೈಲದ ಬೆಲೆ ಜಿಗಿಯಿತು. ಮೊದಲೇ ಬಸವಳಿದಿದ್ದ ನಮ್ಮ ವಿದೇಶಿ ವಿನಿಮಯ ಮತ್ತಷ್ಟು ಕರಗಿ, ಮರುವರ್ಷ ದೇಶ ಬಂಗಾರ ಅಡವಿಡಬೇಕಾಯಿತು. ಫಲಕದ ಆಮದು ನಾಳೆ ನಿಂತರೆ ಹೊಸ ಘಟಕಗಳು ತಡವಾಗುತ್ತವೆ, ಅಷ್ಟೇ. ಮಾಳಿಗೆಯ ಮೇಲೆ ಈಗಾಗಲೇ ಕುಳಿತದ್ದು ಇಪ್ಪತ್ತೈದು ವರ್ಷ ಯಾರ ಹಂಗೂ ಇಲ್ಲದೆ ದುಡಿಯುತ್ತದೆ.

ನಮ್ಮ ಸೀಮೆಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಹಗಲಿನ ವಿದ್ಯುತ್. ಸರಿರಾತ್ರಿಯಲ್ಲಿ ತ್ರೀಫೇಸ್ ಬಂತೆಂದು ಎದ್ದು, ಬ್ಯಾಟರಿ ಬೆಳಕಿನಲ್ಲಿ ಕಾಲಡಿ ಹಾವಿದೆಯೇ ಎಂದು ನೋಡುತ್ತ ಹೊಲಕ್ಕೆ ನೀರು ತಿರುಗಿಸುವ ಪಾಡು ನಿಮಗೆ ಹೊಸದಲ್ಲ. 2019ರಲ್ಲಿ ಶುರುವಾದ ಕುಸುಮ್ ಯೋಜನೆಯಲ್ಲಿ ವಿದ್ಯುತ್ ಉಪಕೇಂದ್ರದ ಬಳಿಯೇ ಸೌರ ಘಟಕ ಕೂಡಿಸಿ, ಆ ಮಾರ್ಗದ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ವಿದ್ಯುತ್ ಕೊಡಲು ಅವಕಾಶವಿದೆ. ಹತ್ತಿರದಲ್ಲೇ ತಯಾರಾದದ್ದು ಹತ್ತಿರದಲ್ಲೇ ಬಳಕೆಯಾದರೆ ದಾರಿಯ ಸೋರಿಕೆಯೂ ಕಡಿಮೆ. ನಿಮ್ಮ ಗ್ರಾಮಸಭೆಯಲ್ಲಿ ಈ ಬೇಡಿಕೆ ಇಡಿ. ಮಳೆಗಾಲದಲ್ಲಿ ಮೋಡ ಕವಿದರೆ ಏನು ಗತಿ ಎಂದು ಕೇಳುವವರಿಗೆ ಕಪ್ಪತಗುಡ್ಡದ ಕಡೆ ತಿರುಗುವ ಗಾಳಿಯಂತ್ರಗಳನ್ನು ತೋರಿಸಿ. ಬಿಸಿಲು ಕುಂದುವ ಆಷಾಢ, ಶ್ರಾವಣದಲ್ಲೇ ಅಲ್ಲಿ ಗಾಳಿಯ ಅಬ್ಬರ. ಇಂಥ ಜೋಡಿ ಎಲ್ಲ ಜಿಲ್ಲೆಗಳಿಗೂ ಸಿಕ್ಕಿಲ್ಲ.

ಮನೆಯ ಮೇಲೆ ಹಾಕಿಸುವವರಿಗೂ ಒಂದು ಮಾತು. ಒಂದು ಕಿಲೋವಾಟ್‌ಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಒಳ್ಳೆಯ ಬಿಸಿಲಿನ ದಿನ ನಾಲ್ಕೈದು ಯೂನಿಟ್ ಬರುತ್ತದೆ. 2024ರ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಬ್ಯಾಟರಿಯಿಲ್ಲದೆ ಹೆಸ್ಕಾಂನ ವಿದ್ಯುತ್ ಜಾಲಕ್ಕೆ ಜೋಡಿಸಿದ ಘಟಕ, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ತಂತಿ ದುರಸ್ತಿ ಮಾಡುವ ಲೈನ್‌ಮನ್ ಜೀವ ಉಳಿಸಲು ಇರುವ ಏರ್ಪಾಡು ಅದು. ಮಾರುವವರು ಇದನ್ನು ಮೊದಲೇ ಹೇಳಬೇಕು.

ಇನ್ನು ನಿಮ್ಮ ಹೊಲ. ನನ್ನನ್ನು ಕೇಳಿದರೆ, ಎರೆ ನೆಲವನ್ನು ಕೊಡಬೇಡಿ. ಹಿಂಗಾರಿಯಲ್ಲಿ ಬರೀ ತೇವದ ಮೇಲೆ ಜೋಳ, ಕಡಲೆ ಬೆಳೆಯುವ ಮಣ್ಣನ್ನು ಫಲಕದಡಿ ಹಾಕುವುದು ನನಗೆ ಸಹಿಸಲಾಗದ ನಷ್ಟ. ಒಂದು ಮೆಗಾವಾಟ್‌ಗೆ ನಾಲ್ಕೈದು ಎಕರೆ ಬೇಕು, ಆದರೆ ಆ ನೆಲ ಎರೆಯೇ ಆಗಬೇಕಿಲ್ಲ. ಕಲ್ಲು ಗರಸಿನ ಮಡ್ಡಿ ಸಾಕು. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನಕ್ಕೆ ರೈತರು ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಒಡೆಯರಿಗೆ ವರ್ಷವರ್ಷ ಹಣ ಬಂತು, ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣವಿಲ್ಲ. ನಿಮ್ಮ ಹೊಲದಲ್ಲಿ ಕಳೆ ತೆಗೆಯುವವರನ್ನೂ ನೆನೆಯಿರಿ.

ಮಡ್ಡಿ ನೆಲವಿದ್ದು ಅದನ್ನು ಕೊಡುವುದಾದರೆ ಕರಾರುಪತ್ರವನ್ನು ಕನ್ನಡದಲ್ಲೇ ಕೇಳಿ, ವಕೀಲರಿಗೆ ತೋರಿಸಿ. ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಕಂಪನಿ ಕೈ ಬದಲಾದರೆ ಹಣ ಕೊಡುವವರು ಯಾರು, ಅವಧಿ ಮುಗಿದ ಮೇಲೆ ಕಾಂಕ್ರೀಟ್ ಬುನಾದಿಯನ್ನು ಯಾರ ಖರ್ಚಿನಲ್ಲಿ ಕಿತ್ತು ನೆಲ ಹಸನು ಮಾಡಬೇಕು, ಇವೆಲ್ಲ ಅದರಲ್ಲಿ ಬರೆದಿರಬೇಕು. ನಿಮ್ಮ ಪಹಣಿಯ ಮೇಲೆ ಕಂಪನಿ ಸಾಲ ಎತ್ತುವಂತಿಲ್ಲ ಎಂಬ ಸಾಲೂ ಇರಲಿ.