ಹಳೆಯ ವ್ಯಾನಿನ ಹೆಡ್ ಸಂದಿನಿಂದ ಕೂಲಂಟ್ ತೊಟ್ಟಿಕ್ಕುತ್ತಿದ್ದರೆ ಹೆಡ್ ಬಿಚ್ಚಲೇಬೇಕೇ?

ನಿಮ್ಮ 1987ರ ಫೋಕ್ಸ್‌ವ್ಯಾಗನ್ ಟಿ3 ವ್ಯಾನು ರಾತ್ರಿಯಿಡೀ ನಿಂತ ಜಾಗದಲ್ಲಿ ಬೆಳಿಗ್ಗೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಹನಿಗಳು ಕಾಣುತ್ತವೆ, ಎಂಜಿನ್ ಬಿಸಿಯಾದ ಮೇಲೆ ಸೋರುವುದು ನಿಲ್ಲುತ್ತದೆ, ಸೋರಿಕೆ ತಡೆಯುವ ಪುಡಿ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಇದೇ 2.1 ಲೀಟರ್ ವಾಸರ್‌ಬಾಕ್ಸರ್ (ನೀರಿನಿಂದ ತಣಿಯುವ, ಸಿಲಿಂಡರ್‌ಗಳು ಎರಡು ಬದಿಗೆ ಮಲಗಿರುವ) ಎಂಜಿನ್‌ನ ಎರಡೂ ಹೆಡ್‌ಗಳನ್ನು, ಅಂದರೆ ಸಿಲಿಂಡರ್‌ಗಳ ತುದಿ ಮುಚ್ಚುವ ಭಾಗಗಳನ್ನು, ನಾನೇ ಬಿಚ್ಚಿ ಕೂರಿಸಿದ್ದೇನೆ. ಹೆಡ್ ಬಿಚ್ಚಲೇಬೇಕು, ಆದರೆ ನಾಳೆಯೇ ಬಿಚ್ಚಬೇಕಾಗಿಲ್ಲ.

ನೀರಿನಿಂದ ತಣಿಯುವ ಬಹುತೇಕ ಎಂಜಿನ್‌ಗಳಲ್ಲಿ ಒಂದೇ ಹೆಡ್ ಗ್ಯಾಸ್ಕೆಟ್ (ಸಂದು ಮುಚ್ಚುವ ಪಟ್ಟಿ) ಉರಿಯುವ ಅನಿಲವನ್ನೂ ನೀರನ್ನೂ ತಡೆಯುತ್ತದೆ. ಗಾಳಿಯಿಂದ ತಣಿಯುವ ಎಂಜಿನ್‌ನ ಜಾಗಕ್ಕೆ 1982ರಲ್ಲಿ ಬಂದ ವಾಸರ್‌ಬಾಕ್ಸರ್ ಸರಣಿಯ ಎಂಜಿನ್‌ಗಳಲ್ಲಿ ಆ ಎರಡು ಕೆಲಸಗಳು ಬೇರೆ ಬೇರೆ. ಸಿಲಿಂಡರ್ ಲೈನರ್‌ನ (ಪಿಸ್ಟನ್ ಓಡಾಡುವ ಕೊಳವೆಯ) ತುದಿಯಲ್ಲಿರುವ ಲೋಹದ ಉಂಗುರವು ಅನಿಲವನ್ನು ಹಿಡಿದಿಡುತ್ತದೆ. ಹೊರಗಿನ ನೀರಿನ ಕವಚ ಮತ್ತು ಹೆಡ್‌ನ ಅಂಚಿನ ನಡುವೆ ಕೂರುವ ರಬ್ಬರ್ ಗ್ಯಾಸ್ಕೆಟ್ ನೀರನ್ನು ಮಾತ್ರ ತಡೆಯುತ್ತದೆ. ನಿಮ್ಮಲ್ಲಿ ಸೋರುತ್ತಿರುವುದು ಈ ರಬ್ಬರಿನ ಜಾಗದಲ್ಲೇ ಇರಬೇಕು. ಆದ್ದರಿಂದಲೇ ಎಂಜಿನ್ ಎಂದಿನಂತೆ ಎಳೆಯುತ್ತದೆ, ಆಯಿಲ್ ಶುದ್ಧವಾಗಿರುತ್ತದೆ, ತಣ್ಣಗಾದಾಗ ಕುಗ್ಗಿ ಬಿಡುವ ಸಂದು ಬಿಸಿಗೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಆದರೂ ಖಚಿತಪಡಿಸಿಕೊಳ್ಳಿ. ಸಂದನ್ನು ಒರೆಸಿ ಒಣಗಿಸಿ, ಮರುದಿನ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ಹನಿಯ ಜೊತೆಗೆ ಉಪ್ಪು ಕಟ್ಟಿದಂತಹ ಬಿಳಿ ಪದರವೂ ಕಂಡರೆ ಅನುಮಾನ ಉಳಿಯುವುದಿಲ್ಲ. ಅಲ್ಲೇ ಕೆಳಗಿರುವ ಪುಶ್‌ರಾಡ್ ಕೊಳವೆಗಳಿಂದ ಜಿನುಗುವುದು ಆಯಿಲ್, ಅದು ಬೇರೆಯೇ ಕಥೆ. ಕೂಲಂಟ್ ಟ್ಯಾಂಕಿನ ಬಾಯಿಗೆ ಹಿಡಿದು ನೋಡುವ ನೀಲಿ ಪರೀಕ್ಷಾ ದ್ರವ ಹಳದಿಗೆ ತಿರುಗಿದರೆ ಮಾತ್ರ ಉರಿದ ಅನಿಲ ನೀರಿಗೆ ಸೇರುತ್ತಿದೆ ಎಂದರ್ಥ. ಆಗ ವ್ಯಾನನ್ನು ಓಡಿಸಬೇಡಿ.

ಪುಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾದದ್ದು. ದೂರದಲ್ಲಿ ಕೆಟ್ಟು ನಿಂತವರು ಮನೆ ಮುಟ್ಟಲು ಒಮ್ಮೆ ಹಾಕಿಕೊಳ್ಳಬಹುದು, ಅಷ್ಟೇ. ಅದು ಹೀಟರ್ ಮತ್ತು ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿಯೂ ಕಟ್ಟಿಕೊಳ್ಳುತ್ತದೆ, ಮೂಲ ರೋಗವನ್ನಂತೂ ಮುಟ್ಟುವುದೇ ಇಲ್ಲ. ರಬ್ಬರಿನ ಪಕ್ಕದ ಕಿರಿದಾದ ಸಂದಿನಲ್ಲಿ ಕೂಲಂಟ್ ಹರಿಯದೆ ನಿಂತು, ಅದರಲ್ಲಿನ ರಕ್ಷಕ ಅಂಶಗಳು ಮುಗಿದ ಮೇಲೆ, ಹೆಡ್‌ನ ಅಲ್ಯೂಮಿನಿಯಂ ಅಂಚನ್ನು ಕೊರೆಯುತ್ತಾ ಹೋಗುವುದೇ ಆ ರೋಗ. ನಟ್‌ಗಳನ್ನು ಇನ್ನಷ್ಟು ಬಿಗಿಮಾಡುವುದೂ ವ್ಯರ್ಥ: ಹೆಡ್ ಲೈನರ್‌ಗಳ ಮೇಲೆ ಕೂತಿರುವುದರಿಂದ ಹೆಚ್ಚಿನ ಬಿಗಿತವು ಸ್ಟಡ್‌ಗಳನ್ನು (ನಟ್ ಕೂರುವ ಉದ್ದನೆಯ ತಿರುಪು ಸರಳುಗಳನ್ನು) ಎಳೆಯುತ್ತದೆಯೇ ಹೊರತು ರಬ್ಬರನ್ನು ಒತ್ತುವುದಿಲ್ಲ.

ಬಿಚ್ಚುವಾಗ ಮೊದಲು ಕಾಡುವುದು ತುಕ್ಕು ಹಿಡಿದ ಎಕ್ಸಾಸ್ಟ್ ಬೋಲ್ಟ್‌ಗಳು. ತುಕ್ಕು ಸಡಿಲಿಸುವ ಎಣ್ಣೆಯನ್ನು ಎರಡು ಮೂರು ದಿನ ಮೊದಲೇ ಹಾಕುತ್ತಾ ಬನ್ನಿ, ಸೆಟೆದು ನಿಂತದ್ದನ್ನು ಕಾಯಿಸಿ ತಿರುಗಿಸಿ. ಹೆಡ್ ಎಳೆಯುವಾಗ ಲೈನರ್ ಅದಕ್ಕೆ ಅಂಟಿಕೊಂಡು ಜೊತೆಯಲ್ಲೇ ಬರದಂತೆ ನೋಡಿಕೊಳ್ಳಿ. ನಾನು ಅವಸರ ಮಾಡಿದಾಗ ಒಂದು ಲೈನರ್ ಬೆರಳಗಲ ಮುಂದೆ ಸರಿಯಿತು. ಹಿಂದಕ್ಕೆ ತಳ್ಳಿ, ಏನೂ ಆಗಿಲ್ಲವೆಂದು ಮುಚ್ಚಿಬಿಟ್ಟೆ. ಅದರ ಬುಡದ ರಬ್ಬರ್ ಉಂಗುರ ಕೆಟ್ಟು, ವಾರದೊಳಗೆ ಆಯಿಲ್ ಬೂದು ಬಣ್ಣದ ನೊರೆಯಾಯಿತು. ಇಡೀ ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು. ಲೈನರ್ ಅಲುಗಿದರೆ ಬುಡದ ಉಂಗುರವನ್ನು ಬದಲಿಸಲೇಬೇಕು.

ಹೆಡ್ ಕೈಗೆ ಬಂದ ಮೇಲೆ ಅಂಚನ್ನು ಲೋಹ ಕೆರೆಯದಂತೆ ಸ್ವಚ್ಛಗೊಳಿಸಿ, ಉಗುರನ್ನು ಅದರ ಉದ್ದಕ್ಕೂ ಎಳೆದು ನೋಡಿ. ಕಣ್ಣಿಗೆ ಕಲೆಯಂತೆ ಕಾಣುವ ಎಷ್ಟೋ ಗುಂಡಿಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ರಬ್ಬರ್ ಕೂರುವ ಜಾಗದಲ್ಲಿ ಮಾತ್ರ ಗುಂಡಿಗಳಿದ್ದರೆ ಲೋಹದ ಪುಡಿ ಬೆರೆತ ಎಪಾಕ್ಸಿಯನ್ನು ತುಂಬಿ, ಒಂದು ದಿನ ಗಟ್ಟಿಯಾಗಲು ಬಿಟ್ಟು, ಸಪಾಟಾದ ಹಲಗೆಗೆ ಸುತ್ತಿದ ಉಜ್ಜುಕಾಗದದಿಂದ ಸಮ ಮಾಡಬಹುದು. ನಾನು ಮಾಡಿದ್ದೂ ಅದನ್ನೇ, ಅದು ಇನ್ನೂ ನಿಂತಿದೆ. ಕೊರೆತವು ಲೋಹದ ಉಂಗುರ ಕೂರುವ ಜಾಗವನ್ನು ಮುಟ್ಟಿದ್ದರೆ ಎಪಾಕ್ಸಿ ಅಲ್ಲಿನ ಬೆಂಕಿಗೆ ತಾಳುವುದಿಲ್ಲ. ಬೇರೆ ಹೆಡ್ ಕೊಳ್ಳುವುದೇ ದಾರಿ. ವಾಲ್ವ್‌ಗಳ ನಡುವೆ ಬಿರುಕು ಕಂಡರೆ ಯಂತ್ರಶಾಲೆಯಲ್ಲಿ ಪರೀಕ್ಷಿಸದೆ ನೀವಾಗಿಯೇ ತೀರ್ಮಾನಿಸಬೇಡಿ. ಸೋರುತ್ತಿರುವುದು ಒಂದೇ ಬದಿಯಾದರೂ ಎರಡನ್ನೂ ಬಿಚ್ಚಿ, ಏಕೆಂದರೆ ಇನ್ನೊಂದು ಹೆಡ್ ಕೂಡ ಅದೇ ಕೂಲಂಟ್‌ನಲ್ಲಿ ಅಷ್ಟೇ ವರ್ಷ ನೆನೆದಿದೆ.

ಜೋಡಿಸುವಾಗ ಉಂಗುರಗಳೂ ಗ್ಯಾಸ್ಕೆಟ್‌ಗಳೂ ಹೊಸದಾಗಿರಲಿ. ಸ್ಟಡ್‌ಗಳು ನೀರಿನ ಮೂಲಕವೇ ಹಾದು ಬರುವುದರಿಂದ ಪ್ರತಿ ನಟ್‌ಗೂ ಸೀಲೆಂಟ್ ಬಳಿಯಬೇಕು. ಮರೆತರೆ ಸೋರಿಕೆ ನಟ್‌ನ ಬುಡದಿಂದಲೇ ಶುರುವಾಗುತ್ತದೆ. ಸರ್ವಿಸ್ ಪುಸ್ತಕದ ಕ್ರಮದಲ್ಲಿ ಮೊದಲು 10, ನಂತರ 50 ನ್ಯೂಟನ್ ಮೀಟರ್‌ಗೆ ಟಾರ್ಕ್ ರೆಂಚ್‌ನಿಂದಲೇ (ಬಿಗಿತ ಅಳೆಯುವ ಸ್ಪ್ಯಾನರ್‌ನಿಂದಲೇ) ಬಿಗಿಮಾಡಿ.

ಫಾಸ್ಫೇಟ್ ಇಲ್ಲದ ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಸಮಪ್ರಮಾಣದಲ್ಲಿ ಬೆರೆಸಿ ತುಂಬಿಸಿ. ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ ಇರುವ ಈ ಉದ್ದನೆಯ ವ್ಯವಸ್ಥೆಯಲ್ಲಿ ಗಾಳಿ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ವ್ಯಾನಿನ ಮೂತಿಯನ್ನು ಎತ್ತಿ ಭದ್ರವಾಗಿ ನಿಲ್ಲಿಸಿ, ರೇಡಿಯೇಟರ್‌ನ ಮೇಲ್ಭಾಗದ ಸ್ಕ್ರೂ ಸಡಿಲಿಸಿ, ಎಂಜಿನ್ ಓಡುತ್ತಿರುವಾಗ ಟ್ಯಾಂಕಿಗೆ ಕೂಲಂಟ್ ಸುರಿಯುತ್ತಿರಿ. ಗುಳ್ಳೆಗಳು ನಿಂತು ಧಾರೆ ಒಂದೇ ಸಮನಾದ ಮೇಲಷ್ಟೇ ಸ್ಕ್ರೂ ಮುಚ್ಚಿ.